ಮಕ್ಕಳಿಗಾಗಿ ಕನ್ನಡ ಕಲಿತ ಮೇಷ್ಟ್ರು

ಮಕ್ಕಳೇ, ನಿಮ್ಮ ಶಾಲೆಯ ಪಠ್ಯಪುಸ್ತಕವನ್ನೊಮ್ಮೆ ತೆರೆದು ನೋಡಿ. ಪಾಠದ ಪಕ್ಕದಲ್ಲಿ ಕಪ್ಪು ಬಿಳುಪು ಚುಕ್ಕಿಗಳು ತುಂಬಿದ ಪುಟ್ಟ ಚೌಕವೊಂದು ಕಾಣಿಸಬಹುದು. ತರಕಾರಿ ಅಂಗಡಿಯಲ್ಲಿ ದುಡ್ಡು ಕೊಡುವಾಗ ಅಪ್ಪ ಫೋನು ಹಿಡಿಯುತ್ತಾರಲ್ಲ, ಅಂಥದ್ದೇ ಇದು. ಹೆಸರು ಕ್ಯೂಆರ್ ಕೋಡ್. ಅಂಗಡಿಯಲ್ಲಿ ಇದರಿಂದ ಹಣ ಕೈ ಬದಲಾಯಿಸುತ್ತದೆ. ಪುಸ್ತಕದಲ್ಲಿ ಇದರಿಂದ ಪಾಠದ ಹಾಡು, ವಿಡಿಯೊ, ಅಭ್ಯಾಸದ ಪ್ರಶ್ನೆಗಳು ತೆರೆದುಕೊಳ್ಳುತ್ತವೆ.

ಈ ಚೌಕ ಶಾಲೆಯ ಪುಸ್ತಕದೊಳಗೆ ಬಂದದ್ದರ ಹಿಂದೆ ಒಬ್ಬ ಹಳ್ಳಿ ಮೇಷ್ಟ್ರ ದುಡಿಮೆ ಇದೆ. ಅವರ ಊರು ಕರ್ನಾಟಕದಲ್ಲಿಲ್ಲ. ಅವರ ಮನೆಮಾತು ಕನ್ನಡವೂ ಅಲ್ಲ. ಆದರೂ ಅವರ ಕಥೆಯ ನಡುಮಧ್ಯದಲ್ಲಿ ಇರುವುದು ನಮ್ಮ ಕನ್ನಡವೇ.

ಅವರ ಹೆಸರು ರಂಜಿತ್‌ಸಿಂಹ ಡಿಸಲೆ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯವರು. 2020ರ ಡಿಸೆಂಬರ್ 3ರಂದು ಲಂಡನ್ನಿನಿಂದ ಪ್ರಸಾರವಾದ ಸಮಾರಂಭದಲ್ಲಿ, ಆ ವರ್ಷದ ಜಾಗತಿಕ ಶಿಕ್ಷಕ ಪ್ರಶಸ್ತಿಗೆ ಇವರ ಹೆಸರನ್ನು ಘೋಷಿಸಲಾಯಿತು. ವಾರ್ಕಿ ಫೌಂಡೇಶನ್ ಯುನೆಸ್ಕೊ ಜೊತೆಗೂಡಿ ಕೊಡುವ ಈ ಪ್ರಶಸ್ತಿಗೆ ಆ ಸಲ 140ಕ್ಕೂ ಹೆಚ್ಚು ದೇಶಗಳಿಂದ 12 ಸಾವಿರಕ್ಕೂ ಮಿಕ್ಕಿ ಹೆಸರುಗಳು ಬಂದಿದ್ದವು. ಅಷ್ಟು ಜನರ ನಡುವೆ ಆಯ್ಕೆಯಾದವರು ಜಿಲ್ಲಾ ಪರಿಷತ್ತಿನ ಪ್ರಾಥಮಿಕ ಶಾಲೆಯ ಮೇಷ್ಟ್ರು.

ದನದ ಕೊಟ್ಟಿಗೆಯ ಪಕ್ಕದ ಶಾಲೆ

ಡಿಸಲೆಯವರು ಪರಿತೆವಾಡಿ ಎಂಬ ಹಳ್ಳಿಯ ಶಾಲೆಗೆ ಬಂದದ್ದು 2009ರಲ್ಲಿ. ಒಂದು ಕಡೆ ದನದ ಕೊಟ್ಟಿಗೆ, ಇನ್ನೊಂದು ಕಡೆ ಸಾಮಾನು ತುಂಬುವ ಕೋಣೆ, ನಡುವೆ ಪಾಳುಬಿದ್ದಂಥ ಕಟ್ಟಡ. ಅದೇ ಶಾಲೆ. ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಬುಡಕಟ್ಟು ಕುಟುಂಬಗಳವರು. ಶಾಲೆಗೆ ಬರುವವರ ಪ್ರಮಾಣ ಕೆಲವೊಮ್ಮೆ ನೂರಕ್ಕೆ ಎರಡಕ್ಕೆ ಇಳಿಯುತ್ತಿತ್ತು ಎಂದು ಪ್ರಶಸ್ತಿಯ ಸಂಸ್ಥೆ ಕೊಟ್ಟ ವಿವರದಲ್ಲಿದೆ. ಚಿಕ್ಕ ವಯಸ್ಸಿಗೇ ಮದುವೆ ಮಾಡಿಬಿಡುವುದು ಅಲ್ಲಿ ಸಾಮಾನ್ಯವಾಗಿತ್ತು.

ಇನ್ನೂ ಒಂದು ತೊಡಕಿತ್ತು. ಆ ಮಕ್ಕಳು ಮನೆಯಲ್ಲಿ ಆಡುತ್ತಿದ್ದುದು ಕನ್ನಡ. ಶಾಲೆಯ ಪುಸ್ತಕ ಇದ್ದುದು ಮರಾಠಿಯಲ್ಲಿ.

ಮಹಾರಾಷ್ಟ್ರದ ಹಳ್ಳಿಯಲ್ಲಿ ಕನ್ನಡವೇ ಎಂದು ಅಚ್ಚರಿಪಡಬೇಡಿ. ಸೊಲ್ಲಾಪುರ ಜಿಲ್ಲೆ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ತಾಗಿಕೊಂಡೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ, ವಚನ ಬರೆದ ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ನಕಾಶೆಯ ಮೇಲೆ ಗೆರೆ ಎಳೆದ ಮಾತ್ರಕ್ಕೆ ಮಾತು ಆ ಗೆರೆಯ ಹತ್ತಿರ ಬಂದು ನಿಂತುಬಿಡುವುದಿಲ್ಲ.

ಆರು ವರ್ಷದ ಮಗುವಿನ ಪಾಡನ್ನು ಸ್ವಲ್ಪ ಯೋಚಿಸಿ. ಮನೆಯಲ್ಲಿ ಅವ್ವ ‘ನೀರು’ ಎನ್ನುತ್ತಾಳೆ, ಪುಸ್ತಕ ‘ಪಾಣಿ’ ಎನ್ನುತ್ತದೆ. ಮನೆಯಲ್ಲಿ ‘ಹಾಲು’, ಪುಸ್ತಕದಲ್ಲಿ ‘ದೂಧ್’. ಮನೆಯಲ್ಲಿ ‘ಮರ’, ಪುಸ್ತಕದಲ್ಲಿ ‘ಝಾಡ್’. ಮಗುವಿಗೆ ನೀರೂ ಗೊತ್ತು, ಹಾಲೂ ಗೊತ್ತು, ಮರ ಹತ್ತುವುದೂ ಗೊತ್ತು. ಆದರೆ ತರಗತಿಯಲ್ಲಿ ಅದು ಏನೂ ಗೊತ್ತಿಲ್ಲದ ಮಗು! ಪ್ರಶ್ನೆಯೇ ಅರ್ಥವಾಗದೆ ಬಾಯಿ ಮುಚ್ಚಿ ಕುಳಿತವಳನ್ನು ‘ದಡ್ಡಿ’ ಎನ್ನುವುದು ಬಹಳ ಸುಲಭ. ನಾಲ್ಕು ದಿನ ಹಾಗೆ ಕುಳಿತವಳು ಐದನೆಯ ದಿನ ಶಾಲೆ ಬಿಟ್ಟು ಮನೆಗೆಲಸಕ್ಕೆ ನಿಲ್ಲುತ್ತಾಳೆ. ಶಾಲೆ ಬಿಟ್ಟ ಹುಡುಗಿಗೆ ಮನೆಯವರು ಹುಡುಕುವುದು ಗಂಡನ್ನು.

ಮೊದಲು ಮಾತು, ಆಮೇಲೆ ಯಂತ್ರ

ಡಿಸಲೆ ಮೇಷ್ಟ್ರು ಮೊದಲು ಮಾಡಿದ ಕೆಲಸಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಅವರು ಆ ಊರಿಗೇ ಹೋಗಿ ನೆಲೆಸಿ, ಮಕ್ಕಳ ಮಾತನ್ನು ಕಲಿತರು. ಕಲಿಸಬೇಕಾದವರೇ ಕಲಿಯುವವರಾದರು. ಆಮೇಲೆ ಪಠ್ಯಪುಸ್ತಕಗಳನ್ನು ಮಕ್ಕಳ ಮನೆಮಾತಿಗೆ ಅನುವಾದಿಸಿದರು. ಅದಾದ ಮೇಲೆ ಆ ಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಸೇರಿಸಿದರು. ಫೋನು ಹಿಡಿದರೆ ಪದ್ಯ ಕಿವಿಗೆ ಕೇಳಿಸುತ್ತಿತ್ತು, ಪಾಠದ ವಿಡಿಯೊ ಬರುತ್ತಿತ್ತು, ಕಥೆಗಳೂ ಮಾಡಬೇಕಾದ ಅಭ್ಯಾಸಗಳೂ ಸಿಗುತ್ತಿದ್ದವು. ಅಕ್ಷರ ಇನ್ನೂ ಕೂಡಿಸಲು ಬಾರದ ಮಗುವೂ ಕೇಳಿ ಕಲಿಯಬಹುದಿತ್ತು. ವಿಶೇಷ ಅಗತ್ಯವುಳ್ಳ ಹುಡುಗಿಯರಿಗಾಗಿ, ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಸೌಲಭ್ಯವನ್ನೂ ಅವರು ಜೋಡಿಸಿದರು.

ಈ ಚೌಕ ಕೆಲಸ ಮಾಡುವ ಬಗೆ ಮಕ್ಕಳಿಗೆ ಗೊತ್ತಿದ್ದರೆ ಒಳ್ಳೆಯದು. ಇದನ್ನು 1994ರಲ್ಲಿ ಕಂಡುಹಿಡಿದವರು ಜಪಾನಿನ ಡೆನ್ಸೊ ಕಂಪನಿಯ ಎಂಜಿನಿಯರ್ ಮಸಾಹಿರೊ ಹಾರಾ ಮತ್ತು ಅವರ ತಂಡ. ಅವರಿಗೆ ಬೇಕಾಗಿದ್ದುದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಒಂದು ಗುರುತು. ಕಪ್ಪು ಬಿಳಿ ಕಾಯಿಗಳನ್ನಿಟ್ಟು ಆಡುವ ‘ಗೋ’ ಎಂಬ ಆಟದಿಂದ ಈ ಯೋಚನೆ ಹೊಳೆಯಿತಂತೆ. ಚೌಕದ ಮೂರು ಮೂಲೆಗಳಲ್ಲಿರುವ ದೊಡ್ಡ ಗುರುತುಗಳನ್ನು ಗಮನಿಸಿ. ಕೋಡ್ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಕ್ಯಾಮೆರಾ ತಿಳಿಯುವುದು ಅವುಗಳಿಂದ. ಹಾಗಾಗಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ನಡೆಯುತ್ತದೆ. ಒಳಗಿನ ಚುಕ್ಕಿಗಳಲ್ಲಿ ಕೆಲವು ಸುಳಿವುಗಳು ಒಂದಕ್ಕಿಂತ ಹೆಚ್ಚು ಕಡೆ ಅಡಗಿರುತ್ತವೆ. ಅದಕ್ಕೇ ಸಾಂಬಾರಿನ ಕಲೆಯೋ ಶಾಯಿಯೋ ಬಿದ್ದು ಚೌಕದ ಒಂದಿಷ್ಟು ಭಾಗ ಕೆಟ್ಟರೂ ಫೋನು ಅದನ್ನು ಓದಬಲ್ಲದು. ಕಂಪನಿಯವರು ಇದರ ಹಕ್ಕನ್ನು ಬಿಗಿಯಾಗಿ ಹಿಡಿದುಕೊಳ್ಳದೆ ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಕಾರ್ಖಾನೆಯ ಗುರುತು ಹಳ್ಳಿ ಶಾಲೆಯವರೆಗೂ ಬರಲು ಅದೂ ಒಂದು ಕಾರಣ.

ಒಂದು ಮಾತು ನೆನಪಿರಲಿ. ಸಾಮಾನ್ಯವಾಗಿ ಈ ಚೌಕದೊಳಗೆ ಪಾಠ ಇರುವುದಿಲ್ಲ. ಪಾಠ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಆ ವಿಳಾಸದಲ್ಲಿ ಒಳ್ಳೆಯ ಪಾಠವನ್ನು ಯಾರಾದರೂ ಕುಳಿತು ತಯಾರಿಸಿ ಇಟ್ಟಿರಬೇಕು, ಅದು ಮಗುವಿಗೆ ಅರ್ಥವಾಗುವ ಮಾತಿನಲ್ಲಿರಬೇಕು. ಇಲ್ಲದಿದ್ದರೆ ಬಾಗಿಲು ತೆರೆದರೂ ಒಳಗೆ ಖಾಲಿ ಕೋಣೆ.

ಇದು ನನಗೆ ಬೇಗ ಅರ್ಥವಾಗಲು ಕಾರಣ ನನ್ನ ಉದ್ಯೋಗ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದಪ್ಪ ದಪ್ಪ ಲೆಡ್ಜರುಗಳಲ್ಲಿ ಬರೆಯುತ್ತಿದ್ದ ಕಾಲದಿಂದ ಕಂಪ್ಯೂಟರ್ ಬಂದ ಕಾಲದವರೆಗೂ ಕೌಂಟರಿನಲ್ಲಿ ಕುಳಿತವನು ನಾನು. ಪಾಸ್‌ಬುಕ್ಕನ್ನು ಯಂತ್ರವೇ ಮುದ್ರಿಸಿ ಕೊಡತೊಡಗಿದಾಗ ನಮಗೆಲ್ಲ ಹೆಮ್ಮೆ. ಅಕ್ಷರ ಮುತ್ತಿನಂತೆ ಬರುತ್ತಿತ್ತು. ಆದರೆ ಹಳ್ಳಿಯಿಂದ ಬಂದ ಅಜ್ಜಿಯರು ಆ ಪುಟವನ್ನು ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ‘ಎಷ್ಟದೆಯಪ್ಪಾ ಇದರಲ್ಲಿ?’ ಎಂದು ಕೇಳುತ್ತಿದ್ದರು. ಅವರಿಗೆ ಓದಿ ಹೇಳಿ, ‘ಇದು ನಿಮ್ಮ ಪಿಂಚಣಿ, ಇದು ಬಡ್ಡಿ’ ಎಂದು ಬಿಡಿಸಿ ತಿಳಿಸಿದ ಮೇಲೆಯೇ ಅದು ಅವರ ಪಾಸ್‌ಬುಕ್ ಆಗುತ್ತಿತ್ತು.

ಪಾಠದ ಯೋಜನೆ ಎಂದರೇನು?

ಕೋಡ್ ಅಂಟಿಸಿ ಕೈ ತೊಳೆದುಕೊಂಡಿದ್ದರೆ ಡಿಸಲೆಯವರ ಕಥೆ ಇಷ್ಟು ದೂರ ಬರುತ್ತಿರಲಿಲ್ಲ. ಮಕ್ಕಳು ಕೊಟ್ಟ ಉತ್ತರ, ತೋರಿದ ಪ್ರತಿಕ್ರಿಯೆಗಳನ್ನು ಅವರು ಕುಳಿತು ಪರಿಶೀಲಿಸುತ್ತಿದ್ದರು. ಅದಕ್ಕೆ ತಕ್ಕಂತೆ ವಿಷಯ, ಚಟುವಟಿಕೆ, ಅಭ್ಯಾಸಗಳನ್ನು ಬದಲಾಯಿಸುತ್ತಿದ್ದರು. ಮುದ್ರಿಸಿದ ಪುಸ್ತಕ ಒಂದೇ ಆದರೂ, ಕೋಡಿನ ಆಚೆಗಿನ ಪಾಠ ಮಗುವಿನಿಂದ ಮಗುವಿಗೆ ಬೇರೆಯಾಗಬಹುದಿತ್ತು.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಹೊಂದಿಸದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಯಾವ ಚೀಟಿಯಲ್ಲಿ, ಯಾವ ಸಾಲಿನಲ್ಲಿ ಎಂದು ಹುಡುಕಲೇಬೇಕು. ಶಾಲೆಯ ಯೋಜನೆಯೂ ಹಾಗೆಯೇ ಎಂದು ನನಗನ್ನಿಸುತ್ತದೆ. ಇವತ್ತು ಯಾರು ಬರಲಿಲ್ಲ? ಬಂದವರಲ್ಲಿ ಯಾರಿಗೆ ಕೂಡುವ ಲೆಕ್ಕ ಬಂತು, ಯಾರು ದಶಕದ ಹತ್ತಿರ ಎಡವಿದರು? ಅದನ್ನು ನೋಡಿಕೊಂಡು ನಾಳೆಯ ಪಾಠ ಗೊತ್ತುಮಾಡುವುದೇ ಯೋಜನೆ. ನಮ್ಮ ರಾಜ್ಯದಲ್ಲೂ ಮಕ್ಕಳ ದಾಖಲಾತಿ, ಕಲಿಕೆಯ ವಿವರಗಳನ್ನು ಎಸ್‌ಎಟಿಎಸ್ ಎಂಬ ವ್ಯವಸ್ಥೆಯಲ್ಲಿ ಮೇಷ್ಟ್ರುಗಳು ಕಂಪ್ಯೂಟರಿಗೆ ಏರಿಸುತ್ತಾರೆ. ಏರಿಸಿದ ಅಂಕಿ ಕಚೇರಿಗೆ ಹೋದರೆ ಸಾಲದು. ತಿರುಗಿ ತರಗತಿಗೂ ಬಂದು, ಆ ಒಂದು ಮಗುವಿನ ನಾಳೆಯ ಪಾಠವನ್ನು ಬದಲಿಸಬೇಕು.

ಪ್ರತಿ ಮಗುವಿಗೂ ಅದರದೇ ವೇಗ ಎಂಬುದು ಕನ್ನಡ ನಾಡಿಗೆ ಹೊಸದಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ‘ನಲಿ ಕಲಿ’ಯಲ್ಲಿ ಫೋನೂ ಇರಲಿಲ್ಲ, ಕಂಪ್ಯೂಟರೂ ಇರಲಿಲ್ಲ. ಇದ್ದುದು ಮೇಷ್ಟ್ರುಗಳೇ ಕೂಡಿ ತಯಾರಿಸಿದ ಕಾರ್ಡುಗಳು, ಹಾಡು, ಆಟ, ಮತ್ತೆ ಮಗು ಒಂದೊಂದೇ ಮೆಟ್ಟಿಲು ಹತ್ತುವ ಕಲಿಕೆಯ ಏಣಿ. ಸಾಧನ ರಟ್ಟಿನ ಕಾರ್ಡಾದರೂ ಸರಿ, ಕ್ಯೂಆರ್ ಕೋಡಾದರೂ ಸರಿ, ಒಳಗಿನ ಪ್ರಶ್ನೆ ಒಂದೇ: ಈ ಮಗು ಈಗ ಯಾವ ಮೆಟ್ಟಿಲಲ್ಲಿದೆ?

ಒಂದು ಹಳ್ಳಿಯಿಂದ ದೇಶಕ್ಕೆ

ಮಹಾರಾಷ್ಟ್ರದಲ್ಲಿ ಕ್ಯೂಆರ್ ಕೋಡ್ ತಂದ ಮೊದಲ ಶಾಲೆ ಪರಿತೆವಾಡಿಯದು. ಡಿಸಲೆಯವರು ಸರ್ಕಾರಕ್ಕೆ ಪ್ರಸ್ತಾವ ಕಳಿಸಿದರು. ಪ್ರಯೋಗ ಗೆದ್ದಿತು. 2017ರಲ್ಲಿ ಇಡೀ ರಾಜ್ಯದ ಪಠ್ಯಪುಸ್ತಕಗಳಿಗೆ ಕೋಡ್ ಹಾಕುವುದಾಗಿ ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿತು. ಅದೇ ವರ್ಷ ಕೇಂದ್ರದ ‘ದೀಕ್ಷಾ’ ಆರಂಭವಾಯಿತು. ನಮ್ಮ ಕರ್ನಾಟಕದ ಪುಸ್ತಕಗಳ ಕೋಡ್ ಕರೆದೊಯ್ಯುವುದೂ ಅಲ್ಲಿಗೇ. 2018ರಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲೂ ಕೋಡ್ ಬರಲಿದೆ ಎಂದು ಆಗಿನ ಸಚಿವ ಪ್ರಕಾಶ್ ಜಾವಡೇಕರ್ ಘೋಷಿಸಿದರು.

ಊರಿನಲ್ಲಿ ಆದದ್ದು ಇದಕ್ಕಿಂತ ದೊಡ್ಡದು. ಪ್ರಶಸ್ತಿ ಬರುವ ಹೊತ್ತಿಗೆ ಶಾಲೆಯಲ್ಲಿ ಹೆಣ್ಣುಮಕ್ಕಳ ಹಾಜರಿ ನೂರಕ್ಕೆ ನೂರು ಇತ್ತು, ಹಳ್ಳಿಯಲ್ಲಿ ಬಾಲ್ಯವಿವಾಹದ ಸುದ್ದಿ ಇರಲಿಲ್ಲ ಎಂದು ಪ್ರಶಸ್ತಿಯ ವಿವರ ಹೇಳುತ್ತದೆ. ಆ ಊರಿನ ಹುಡುಗಿಯೊಬ್ಬಳು ಪದವಿಯನ್ನೂ ಮುಗಿಸಿದ್ದಳು.

ಡಿಸಲೆಯವರು ಪರದೆಯನ್ನು ಪಾಠಕ್ಕಷ್ಟೇ ಸೀಮಿತ ಮಾಡಲಿಲ್ಲ. ಭಾರತ–ಪಾಕಿಸ್ತಾನ, ಇಸ್ರೇಲ್–ಪ್ಯಾಲೆಸ್ಟೀನ್, ಇರಾನ್–ಇರಾಕ್ ಹೀಗೆ ಜಗಳವಾಡಿದ ನಾಡುಗಳ ಮಕ್ಕಳನ್ನು ಆರು ವಾರ ಅಂತರ್ಜಾಲದಲ್ಲಿ ಜೊತೆಗೂಡಿಸಿ, ಒಬ್ಬರಿಗೊಬ್ಬರು ‘ಶಾಂತಿಯ ಗೆಳೆಯ’ರಾಗುವಂತೆ ಮಾಡುವ ಕಾರ್ಯಕ್ರಮವನ್ನೂ ನಡೆಸಿದರು.

ಇನ್ನು ಪ್ರಶಸ್ತಿಯ ಹಣದ ಲೆಕ್ಕ. ಅದು ಹೇಳದಿದ್ದರೆ ನಾನು ಬ್ಯಾಂಕಿನವನೇ ಅಲ್ಲ! ಒಟ್ಟು ಹತ್ತು ಲಕ್ಷ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಏಳು ಕೋಟಿ ರೂಪಾಯಿಗೂ ಹೆಚ್ಚು. ಅದರಲ್ಲಿ ಅರ್ಧವನ್ನು ಅಂತಿಮ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚುವುದಾಗಿ ಡಿಸಲೆಯವರು ಅಂದೇ ಪ್ರಕಟಿಸಿದರು. ತಲಾ 55 ಸಾವಿರ ಡಾಲರ್, ಸುಮಾರು 40 ಲಕ್ಷ ರೂಪಾಯಿ. ಆ ಒಂಬತ್ತು ಮಂದಿ ಇಟಲಿ, ಬ್ರೆಜಿಲ್, ವಿಯೆಟ್ನಾಂ, ಮಲೇಷ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ದಕ್ಷಿಣ ಕೊರಿಯಾ, ಅಮೆರಿಕ, ಬ್ರಿಟನ್ ದೇಶಗಳವರು.

ನಮ್ಮ ಮನೆಗೆ, ನಮ್ಮ ಶಾಲೆಗೆ

ಈ ಕಥೆ ಓದಿ ‘ನಮ್ಮ ಕನ್ನಡಕ್ಕೆ ಎಂಥ ಗೌರವ’ ಎಂದು ಹಿಗ್ಗುವುದು ಸಹಜ. ಹಿಗ್ಗೋಣ. ಆದರೆ ಕನ್ನಡಿಯನ್ನು ಸ್ವಲ್ಪ ನಮ್ಮ ಕಡೆಗೂ ತಿರುಗಿಸಬೇಕು. ಗಡಿಯಾಚೆಯ ಕನ್ನಡದ ಮಗುವಿಗೆ ಮರಾಠಿ ಪುಸ್ತಕ ಹೇಗೋ, ನಮ್ಮಲ್ಲಿನ ತಾಂಡಾಗಳ ಲಂಬಾಣಿ ಮಗುವಿಗೆ, ಕೋಲಾರದ ತೆಲುಗು ಮಗುವಿಗೆ, ಕಾಡಂಚಿನ ಸೋಲಿಗರ ಮಗುವಿಗೆ, ಕಟ್ಟಡದ ಕೆಲಸಕ್ಕೆ ಬಂದ ಬಿಹಾರದ ಕೂಲಿಯವನ ಮಗುವಿಗೆ ನಮ್ಮ ಪುಸ್ತಕ ಹಾಗೆಯೇ. ಸಾಧ್ಯವಿರುವ ಕಡೆ ಐದನೆಯ ತರಗತಿಯವರೆಗಾದರೂ ಮನೆಮಾತಿನಲ್ಲೇ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ನೀತಿ ಕಾಗದದಿಂದ ಇಳಿದು ಬೆಂಚಿನ ಮೇಲೆ ಕೂರಬೇಕಾದರೆ ಆ ಮಗುವಿನ ನಾಲ್ಕು ಮಾತು ಕಲಿಯುವ ಒಬ್ಬ ಮೇಷ್ಟ್ರು ಬೇಕು. ಕನ್ನಡ ಕಲಿಸಬೇಡಿ ಎಂದಲ್ಲ. ಮನೆಮಾತಿನ ಕೈ ಹಿಡಿದುಕೊಂಡು ಬಂದ ಮಗು ಕನ್ನಡದೊಳಕ್ಕೆ ಹೆದರದೆ ಕಾಲಿಡುತ್ತದೆ.

ತಂದೆತಾಯಿಯರಿಗೂ ಒಂದು ಮಾತು. ಪುಸ್ತಕದ ಕೋಡ್ ನೋಡಲು ಮಗುವಿನ ಕೈಗೆ ಫೋನು ಕೊಟ್ಟು ಎದ್ದು ಹೋದರೆ, ಪಾಠ ಮುಗಿಯುವ ಮೊದಲೇ ಆಟ ಶುರುವಾಗಿರುತ್ತದೆ. ಹತ್ತು ನಿಮಿಷ ಪಕ್ಕದಲ್ಲಿ ಕುಳಿತುಕೊಳ್ಳಿ. ವಿಡಿಯೊ ಮುಗಿದ ಮೇಲೆ ಫೋನು ಕೆಳಗಿಟ್ಟು, ‘ಈಗ ನನಗೆ ಹೇಳು ನೋಡೋಣ’ ಎನ್ನಿ. ಮಗು ತನ್ನ ಮಾತಿನಲ್ಲಿ ಹೇಳಿದರೆ ಪಾಠ ದಕ್ಕಿದೆ ಎಂದರ್ಥ. ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಈ ಕೆಲಸಕ್ಕೆ ಅವರಿಗಿಂತ ಒಳ್ಳೆಯವರು ಸಿಗಲಾರರು. ಕೇಳುವುದಕ್ಕೆ ನಮಗೆ ಪುರುಸೊತ್ತಿದೆ.

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ನಿಮ್ಮ ತರಗತಿಯಲ್ಲಿ ಮನೆಯಲ್ಲಿ ಬೇರೆ ಮಾತಾಡುವ ಗೆಳೆಯನೋ ಗೆಳತಿಯೋ ಇದ್ದರೆ, ಅವರ ಮಾತಿನಲ್ಲಿ ನೀರಿಗೆ, ಮರಕ್ಕೆ, ಅಮ್ಮನಿಗೆ ಏನನ್ನುತ್ತಾರೆ ಎಂದು ಕೇಳಿ ಕಲಿಯಿರಿ. ಪಾಠದಲ್ಲಿ ಅವರಿಗೆ ತಿಳಿಯದ ಒಂದು ಪದವನ್ನು ನೀವು ಬಿಡಿಸಿ ಹೇಳಿ. ಡಿಸಲೆ ಮೇಷ್ಟ್ರು ಪರಿತೆವಾಡಿಯಲ್ಲಿ ಮೊದಲು ಮಾಡಿದ್ದು ಇದನ್ನೇ. ಇದಕ್ಕೆ ಫೋನೂ ಬೇಡ, ನೆಟ್‌ವರ್ಕೂ ಬೇಡ.