ಡಿಸೆಂಬರ್ ರಜೆ: ಚಿಕ್ಕಬಾಣಾವರದ ಕ್ರೀಡಾಭಿಮಾನಿಗೆ ಎಲ್ಲಿ, ಏನು?

ಕ್ರಿಸ್‌ಮಸ್ ವಾರ ಹತ್ತಿರವಾದಂತೆ ಪೀಣ್ಯದ ಕಾರ್ಖಾನೆಗಳಲ್ಲಿ ಉಳಿದ ರಜೆ ಮುಗಿಸಿಕೊಳ್ಳುವ ಲೆಕ್ಕ ಶುರುವಾಗುತ್ತದೆ. ಐಟಿ ಕಂಪನಿಗಳಲ್ಲೂ ಕೆಲಸದ ಒತ್ತಡ ತುಸು ಇಳಿಯುತ್ತದೆ. ಕೈಗೆ ನಾಲ್ಕು ದಿನ ಬಿಡುವು ಸಿಕ್ಕಿದೆ, ಆದರೆ ಐಪಿಎಲ್ ಇಲ್ಲವಲ್ಲ ಎಂದು ಬೇಸರಿಸಬೇಡಿ. ದೇಶೀಯ ಕ್ರಿಕೆಟ್‌ಗೆ, ಅಂದರೆ ರಾಜ್ಯ ರಾಜ್ಯಗಳ ನಡುವಿನ ಕ್ರಿಕೆಟ್‌ಗೆ, ಇದೇ ಸುಗ್ಗಿ ಕಾಲ. ಅದು ನಡೆಯುವ ಒಂದು ಮೈದಾನ ನಮ್ಮ ಚಿಕ್ಕಬಾಣಾವರಕ್ಕೆ ಹತ್ತಿರವೇ ಇದೆ.

ಮೊದಲು ಟೂರ್ನಿಗಳ ವಿಷಯ. ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ವಿಜಯ್ ಹಜಾರೆ ಟ್ರೋಫಿ ನಡೆಯುತ್ತದೆ. 2024ರಲ್ಲಿ ಡಿಸೆಂಬರ್ 21ಕ್ಕೆ, 2025ರಲ್ಲಿ ಡಿಸೆಂಬರ್ 24ಕ್ಕೆ ಆರಂಭವಾಗಿತ್ತು. ಇದು 50 ಓವರ್‌ಗಳ ಆಟ. 38 ತಂಡಗಳು. ಕರ್ನಾಟಕ ಇದನ್ನು ಐದು ಸಲ ಗೆದ್ದಿದೆ, ಐದನೆಯದು 2024–25ರಲ್ಲಿ. ಇದು ಮುಗಿದ ಮೇಲೆ, ಸಂಕ್ರಾಂತಿ ಕಳೆದ ನಂತರ, ಅಕ್ಟೋಬರ್-ನವೆಂಬರ್‌ನಲ್ಲಿ ಅರ್ಧಕ್ಕೆ ನಿಂತ ರಣಜಿ ಟ್ರೋಫಿ ಮತ್ತೆ ಮುಂದುವರಿಯುತ್ತದೆ. ಈಚಿನ ಋತುಗಳಲ್ಲಿ ಕ್ರಮ ಹೀಗಿದೆ.

‘ಹಾಗಾದರೆ ಕರ್ನಾಟಕದ ಆಟ ಇಲ್ಲೇ ಇರುತ್ತದೆಯೇ?’ ಎಂದು ನೀವು ಕೇಳಬಹುದು. ಇರಬೇಕೆಂದೇನಿಲ್ಲ. ವಿಜಯ್ ಹಜಾರೆಯಲ್ಲಿ ಒಂದು ಗುಂಪಿನ ತಂಡಗಳೆಲ್ಲ ಒಂದೇ ಊರಿಗೆ ಬಂದು ಆಡುತ್ತವೆ. 2024–25ರಲ್ಲಿ ನಮ್ಮವರು ಗುಂಪಿನ ಪಂದ್ಯಗಳನ್ನು ಅಹಮದಾಬಾದ್‌ನಲ್ಲಿ ಆಡಿದರು. ಬೆಂಗಳೂರಿಗೆ ಬೇರೆ ರಾಜ್ಯಗಳ ಗುಂಪು ಬಂದಿರಬಹುದು. ನನ್ನ ಮಾತು ಕೇಳುವುದಾದರೆ, ಆಗಲೂ ಹೋಗಿ ನೋಡಿ. ಸೌರಾಷ್ಟ್ರದ ಒಬ್ಬ ಹುಡುಗ ರೈಲ್ವೇಸ್ ತಂಡದ ವೇಗದ ಬೌಲರ್‌ನನ್ನು ಎದುರಿಸುವುದನ್ನು ಹತ್ತಿರದಿಂದ ನೋಡಿದರೆ ಆಟದ ಕಷ್ಟ ಅರ್ಥವಾಗುತ್ತದೆ. ಟಿವಿಯಲ್ಲಿ ಚೆಂಡಿನ ವೇಗ ಕಾಣುವುದಿಲ್ಲ, ಸಂಖ್ಯೆ ಮಾತ್ರ ಕಾಣುತ್ತದೆ.

ಮೈದಾನಗಳು ಮೂರು ಕಡೆ ಇವೆ. ನಮಗೆ ಅನುಕೂಲವಾದದ್ದು ಆಲೂರು. ತುಮಕೂರು ರಸ್ತೆಯ ಕಡೆ, ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೂರು ಮೈದಾನಗಳು ಅಲ್ಲಿ ಒಟ್ಟಿಗಿವೆ. 2024ರ ನವೆಂಬರ್‌ನಿಂದ ಮೆಟ್ರೊದ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ. ಹೆಸರಘಟ್ಟ ರಸ್ತೆಯಲ್ಲಿ ಎಂಟನೇ ಮೈಲಿಗೆ ಬಂದು ಮೆಟ್ರೊ ಹತ್ತಿ, ಮಾದಾವರದಲ್ಲಿ ಇಳಿದು ಆಟೊ ಹಿಡಿಯಬಹುದು. ಸ್ವಂತ ಗಾಡಿ ಇದ್ದರೆ ಅದೇ ಸಲೀಸು. ಆಲೂರಿನಲ್ಲಿ ದೊಡ್ಡ ಗ್ಯಾಲರಿ ಇಲ್ಲ. ಒಳಗೆ ಬಿಡುವುದು ಆಯಾ ದಿನದ ಏರ್ಪಾಟಿಗೆ ಬಿಟ್ಟದ್ದು, ಆದ್ದರಿಂದ ಗೇಟಿನಲ್ಲಿ ವಿನಯವಾಗಿ ಕೇಳಿಕೊಳ್ಳಿ.

ಎರಡನೆಯದು ಚಿನ್ನಸ್ವಾಮಿ ಕ್ರೀಡಾಂಗಣ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಸಾಕು. ಮೂರನೆಯದು ವಿಮಾನ ನಿಲ್ದಾಣದ ಕಡೆಗಿರುವ ಬಿಸಿಸಿಐ ಸೆಂಟರ್ ಆಫ್ ಎಕ್ಸಲೆನ್ಸ್, ಅಂದರೆ ಮಂಡಳಿಯ ತರಬೇತಿ ಕೇಂದ್ರ. ಅದು ಸಾರ್ವಜನಿಕರಿಗಾಗಿ ಕಟ್ಟಿದ ಜಾಗವಲ್ಲ.

ಇಲ್ಲೊಂದು ಎಚ್ಚರಿಕೆ. 2025ರ ಜೂನ್ 4ರಂದು ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆರ್‌ಸಿಬಿಯ ಐಪಿಎಲ್ ವಿಜಯೋತ್ಸವ ನೋಡುವ ಆಸೆಯಿಂದ ಮನೆಯಿಂದ ಹೊರಟ ಮಕ್ಕಳು ಮರಳಿ ಬರಲಿಲ್ಲ. ಆ ಮೇಲೆ ಅನುಮತಿಯ ನಿಯಮಗಳು ಬಿಗಿಯಾದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿರಾಟ್ ಕೊಹ್ಲಿ ದೆಹಲಿ ಪರ ಆಡಿದ ವಿಜಯ್ ಹಜಾರೆ ಪಂದ್ಯವನ್ನು ಚಿನ್ನಸ್ವಾಮಿಯಿಂದ ಸೆಂಟರ್ ಆಫ್ ಎಕ್ಸಲೆನ್ಸ್‌ಗೆ ಸ್ಥಳಾಂತರಿಸಿ, ಪ್ರೇಕ್ಷಕರಿಲ್ಲದೆ ನಡೆಸಿದರು. ಹಾಗಾಗಿ ಹೊರಡುವ ಹಿಂದಿನ ಸಂಜೆ ಬಿಸಿಸಿಐ ವೆಬ್‌ಸೈಟ್‌ನ ದೇಶೀಯ ವಿಭಾಗದಲ್ಲಿ ಫಿಕ್ಸ್ಚರ್ಸ್, ಅಂದರೆ ವೇಳಾಪಟ್ಟಿ, ನೋಡಿ. ಮೈದಾನ ಬದಲಾಗಿದ್ದರೆ ಅಲ್ಲೇ ತಿಳಿಯುತ್ತದೆ. ದೊಡ್ಡ ತಾರೆ ಬರುವ ದಿನ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ನೂಕುನುಗ್ಗಲು ಕಂಡರೆ ಆಟ ಎಷ್ಟೇ ದೊಡ್ಡದಿರಲಿ, ವಾಪಸ್ ಬನ್ನಿ.

ವಿಜಯ್ ಹಜಾರೆ ಪಂದ್ಯ ಬೆಳಿಗ್ಗೆ 9ಕ್ಕೇ ಶುರು. ಮೊದಲ ಒಂದು ಗಂಟೆ ತಪ್ಪಿಸಬೇಡಿ. ಇಬ್ಬನಿಯಿಂದ ಪಿಚ್‌ನಲ್ಲಿ ತೇವ ಇರುತ್ತದೆ, ಹೊಸ ಬಿಳಿ ಚೆಂಡು ಅತ್ತಿತ್ತ ಹೊರಳುತ್ತದೆ. ಟಾಸ್ ಗೆದ್ದವರು ಎಷ್ಟೋ ಸಲ ಬೌಲಿಂಗ್ ಆರಿಸಿಕೊಳ್ಳುವುದು ಇದಕ್ಕೇ. ಹತ್ತೂವರೆಯ ಹೊತ್ತಿಗೆ ಬಿಸಿಲು ಏರಿ ಬ್ಯಾಟಿಂಗ್ ಸುಲಭವಾಗುತ್ತದೆ. ನಿಮಗೂ ಅಷ್ಟೇ, ಬೆಳಿಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಟೋಪಿ ಬೇಕು.

ರಣಜಿ ನೋಡುವುದಾದರೆ ಅಂಕಗಳ ಲೆಕ್ಕ ತಿಳಿದಿರಲಿ, ಇಲ್ಲದಿದ್ದರೆ ಡ್ರಾ ಪಂದ್ಯ ಸಪ್ಪೆ ಎನಿಸುತ್ತದೆ. ಲೀಗ್ ಪಂದ್ಯ ನಾಲ್ಕು ದಿನದ್ದು. ಗೆದ್ದರೆ 6 ಅಂಕ. ಇನಿಂಗ್ಸ್ ಅಥವಾ 10 ವಿಕೆಟ್‌ಗಳಿಂದ ಗೆದ್ದರೆ ಇನ್ನೂ ಒಂದು ಸೇರಿ 7. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದವರಿಗೆ 3, ಹಿಂದೆ ಬಿದ್ದವರಿಗೆ 1. ಆದ್ದರಿಂದಲೇ ಮೂರನೇ ದಿನ ಹತ್ತನೇ ವಿಕೆಟ್‌ಗೆ ಇಬ್ಬರು ಬೌಲರ್‌ಗಳು ಒಂದೊಂದೇ ರನ್ ಕೂಡಿಸುತ್ತಿದ್ದರೆ ಇಡೀ ತಂಡ ಎದ್ದು ನಿಂತಿರುತ್ತದೆ. ಆ ಅರ್ಧ ಗಂಟೆಗಾಗಿ ಒಂದು ದಿನದ ರಜೆ ಹಾಕಬಹುದು ಎಂಬುದು ನನ್ನ ಅಭಿಪ್ರಾಯ.

ಖರ್ಚು? ರಣಜಿ ಲೀಗ್ ಪಂದ್ಯಗಳಿಗೆ ಚಿನ್ನಸ್ವಾಮಿಯಲ್ಲಿ ಪ್ರವೇಶ ಸಾಮಾನ್ಯವಾಗಿ ಉಚಿತ. 2025ರ ಫೆಬ್ರುವರಿಯ ಪರಿಷ್ಕರಣೆಯಂತೆ ಮೆಟ್ರೊ ದರ ಕನಿಷ್ಠ 10 ರೂಪಾಯಿ, ಗರಿಷ್ಠ 90. ಇನ್ನು ಊಟ, ಕಾಫಿ.

ಮನೆಯಲ್ಲೇ ಇರುವವರಿಗೆ ಡಿಸೆಂಬರ್ 26 ದೊಡ್ಡ ದಿನ. ಅಂದು ಮೆಲ್ಬರ್ನ್‌ನಲ್ಲಿ ಬಾಕ್ಸಿಂಗ್ ಡೇ ಟೆಸ್ಟ್, ಅಂದರೆ ಕ್ರಿಸ್‌ಮಸ್ ಮರುದಿನದ ಟೆಸ್ಟ್, ನಮ್ಮ ಕಾಲಮಾನದ ಬೆಳಿಗ್ಗೆ 5ಕ್ಕೆ ಶುರುವಾಗುತ್ತದೆ. 2018ರಲ್ಲಿ ನಮ್ಮ ಮಯಂಕ್ ಅಗರವಾಲ್ ಇಲ್ಲೇ ಪದಾರ್ಪಣೆ ಮಾಡಿ 76 ರನ್ ಹೊಡೆದರು. ಅದಕ್ಕೂ ಮುಂಚೆ, 1977–78ರ ಪ್ರವಾಸದ ಮೆಲ್ಬರ್ನ್ ಟೆಸ್ಟ್‌ನಲ್ಲಿ ಬಿ.ಎಸ್. ಚಂದ್ರಶೇಖರ್ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್‌ಗೆ 6 ವಿಕೆಟ್ ಪಡೆದು, ಆಸ್ಟ್ರೇಲಿಯಾ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವನ್ನು ತಂದುಕೊಟ್ಟರು. ದಕ್ಷಿಣ ಆಫ್ರಿಕಾದ ಸೆಂಚುರಿಯನ್‌ನಲ್ಲಿ ಪಂದ್ಯವಿದ್ದರೆ ನಮಗೆ ಮಧ್ಯಾಹ್ನ 1.30. ಕೆ.ಎಲ್. ರಾಹುಲ್ ಅಲ್ಲಿ 2021 ಮತ್ತು 2023ರ ಬಾಕ್ಸಿಂಗ್ ಡೇ ಟೆಸ್ಟ್‌ಗಳಲ್ಲಿ ಶತಕ ಬಾರಿಸಿದರು. ಇಂಗ್ಲೆಂಡಿನ ಫುಟ್‌ಬಾಲ್ ನೋಡುವವರು ಗಡಿಯಾರ ಗಮನಿಸಿ. ಚಳಿಗಾಲದಲ್ಲಿ ಅವರ ಸಮಯ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ, ಬೇಸಿಗೆಯಲ್ಲಿ ಸಂಜೆ 7.30ಕ್ಕೆ ಬರುತ್ತಿದ್ದ ಶನಿವಾರದ ಪಂದ್ಯಗಳು ಈಗ ರಾತ್ರಿ 8.30ಕ್ಕೆ.

ನಿಮ್ಮ ಊರು ದಕ್ಷಿಣ ಕನ್ನಡ ಅಥವಾ ಉಡುಪಿಯಾಗಿದ್ದರೆ ಇದು ಕಂಬಳದ ಕಾಲವೂ ಹೌದು. ವಾರಾಂತ್ಯಗಳಲ್ಲಿ ನಡೆಯುತ್ತದೆ. ನೇಗಿಲು, ಹಗ್ಗ, ಅಡ್ಡಹಲಗೆ ವಿಭಾಗಗಳಲ್ಲಿ ಕೋಣಗಳ ವೇಗ ಮುಖ್ಯ. ಕನೆಹಲಗೆಯಲ್ಲಿ ಮಾತ್ರ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಲೆಕ್ಕ. ಕ್ರಿಸ್‌ಮಸ್ ವಾರ ಬಸ್ಸಿನ ಸೀಟು ಸಿಗುವುದು ಕಷ್ಟ, ಖಾಸಗಿ ಬಸ್ ದರವೂ ಏರುತ್ತದೆ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಡಿಸೆಂಬರ್ 25ರ ಟಿಕೆಟ್ ಬೇಕಿದ್ದರೆ ಅಕ್ಟೋಬರ್ 26ರ ಬೆಳಿಗ್ಗೆಯೇ ಪ್ರಯತ್ನಿಸಿ.