ಉಪಾಶ್ರಯದ ಸುತ್ತ ಮನೆಗಳೆಷ್ಟು?

ಮೂರು ವರ್ಷದ ಹಿಂದೆ ಚಾತುರ್ಮಾಸದ ವಿನಂತಿಗೆಂದು ಆದವಾನಿಯಿಂದ ನಾವು ಐದಾರು ಜನ ಹೋಗಿದ್ದೆವು. ಶ್ರೀಫಲ, ವಿನಂತಿ ಪತ್ರ ಎಲ್ಲ ಒಯ್ದಿದ್ದೆವು. ವಂದನೆ ಆಯಿತು, ಸುಖಸಾತಾ ಕೇಳಿದ್ದಾಯಿತು. ಹಿರಿಯ ಸಾಧ್ವೀಜಿ ಮಹಾರಾಜ್ ಸಾಹೇಬರು ಪತ್ರವನ್ನು ಓದಿ ಪಕ್ಕಕ್ಕಿಟ್ಟು, "ಉಪಾಶ್ರಯದ ಸುತ್ತ ಮನೆಗಳೆಷ್ಟು?" ಎಂದು ಕೇಳಿದರು.

ನಾವು ಸಂಘದ ಮನೆಗಳ ಲೆಕ್ಕ ಹೇಳತೊಡಗಿದೆವು. ಅವರು ನಡುವೆಯೇ ತಡೆದು, "ಸಂಘದ್ದಲ್ಲ. ಪಾತ್ರೆ ಹಿಡಿದು ನಡೆದು ಹೋಗಿ ಬರುವಷ್ಟು ದೂರದಲ್ಲಿ ಎಷ್ಟು?" ಎಂದರು.

ನಾಲ್ಕು ಎಂದು ನಮಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಆ ವರ್ಷದ ಚಾತುರ್ಮಾಸ ಬೇರೆ ಊರಿಗೆ ಹೋಯಿತು.

ಆದವಾನಿ ಎಂದರೆ ವಾಚಕರಲ್ಲಿ ಅನೇಕರಿಗೆ ಹತ್ತಿಯ ಧಾರಣೆಯೇ ನೆನಪಾಗುವುದು. ಸುತ್ತಲೂ ಎರೆ ನೆಲ, ಬೆನ್ನಿಗೆ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಅದೇ ಬೆಟ್ಟದ ಬಂಡೆಯಲ್ಲಿ ಕೆತ್ತಿದ ತೀರ್ಥಂಕರರ ಬಿಂಬಗಳಿವೆ. ಅಂದರೆ ಮಾರವಾಡದಿಂದ ನಮ್ಮ ಹಿರಿಯರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಇಲ್ಲಿ ನವಕಾರ ಕೇಳಿಸುತ್ತಿತ್ತು. ಕೆಳಗಿನ ಪೇಟೆಯ ನಡುವೆ ಸಿದ್ದಿ ಮಸೂದ್ ಖಾನನ ಕಾಲದ ಜಾಮಿಯಾ ಮಸೀದಿ ಇದೆ. ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು ಕೊಟ್ಟನೆಂದು ಪ್ರತೀತಿ ಇರುವುದು ಈ ನವಾಬನ ಬಗ್ಗೆಯೇ.

1871ರಲ್ಲಿ ಮದ್ರಾಸು-ಮುಂಬಯಿ ರೈಲು ಮಾರ್ಗ ರಾಯಚೂರಿನಲ್ಲಿ ಕೂಡಿದ ಮೇಲೆ ಈ ಹಾದಿಯ ಊರುಗಳಿಗೆಲ್ಲ ಹೊಸ ವ್ಯಾಪಾರ ಬಂತು. ಜಿನ್ನಿಂಗ್ ಬಂತು, ಪ್ರೆಸ್ ಬಂತು, ಎಣ್ಣೆ ಗಾಣಗಳು ಬಂದವು. ಜನ ಆದವಾನಿಯನ್ನು ಎರಡನೆಯ ಬೊಂಬಾಯಿ ಎನ್ನತೊಡಗಿದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಓಣಿಯ ಮಾತು ಮಾತ್ರ ಬದಲಾಗಲಿಲ್ಲ. ರೈತ ಕನ್ನಡದಲ್ಲಿ ಧಾರಣೆ ಕೇಳಿದರೆ ಹಮಾಲ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದ, ಗಾದಿಯ ಮೇಲೆ ಕುಳಿತ ದಾದಾಜಿ ಮಾರವಾಡಿಯಲ್ಲಿ ವಹಿ ಬರೆಯುತ್ತಿದ್ದರು. ಯಾರಿಗೂ ಯಾವುದೂ ತಿಳಿಯದೆ ಇರುತ್ತಿರಲಿಲ್ಲ.

ನಮ್ಮ ಮನೆ ಆ ಕಾಲದ್ದು. ಕೆಳಗೆ ಪೇಢಿ, ಹಿಂದೆ ಗೋದಾಮು, ಮೇಲೆ ಸಂಸಾರ. ದಪ್ಪ ಕಲ್ಲುಮಣ್ಣಿನ ಗೋಡೆ, ತೇಗದ ತೊಲೆ, ಅದರ ಮೇಲೆ ಜಂತಿ, ಎಲ್ಲಕ್ಕೂ ಮೇಲೆ ಕರ್ಲು ಮಣ್ಣಿನ ಮಾಳಿಗೆ. ಏಪ್ರಿಲ್ ತಿಂಗಳಲ್ಲಿ ಹೊರಗೆ ಬೆಂಕಿ ಸುರಿಯುತ್ತಿದ್ದರೂ ಪಡಸಾಲೆಯಲ್ಲಿ ಫ್ಯಾನಿಲ್ಲದೆ ಸಾಮಾಯಿಕ ಮಾಡಬಹುದು.

ಇಂಥ ಓಣಿ ಬರಿದಾದದ್ದು ಹೇಗೆ? ಒಂದೇ ದಿನ ಆದದ್ದಲ್ಲ, ಯಾರ ಪಾಪದಿಂದ ಆದದ್ದೂ ಅಲ್ಲ. ಮದ್ರಾಸು ಸರ್ಕಾರದ 1933ರ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯ್ದೆ, ಆ ಮೇಲೆ ಆಂಧ್ರಪ್ರದೇಶದ 1966ರ ಕಾಯ್ದೆ ಬಂದು ಹರಾಜು ಯಾರ್ಡಿಗೆ ಹೋಯಿತು. ರೈತನಿಗೆ ಅದರಿಂದ ಒಳ್ಳೆಯದೇ ಆಯಿತು. ತೂಕದ ಕಲ್ಲನ್ನು ನಂಬಿ ನಿಲ್ಲಬೇಕಾದ ಕಾಲ ಹೋಯಿತು. ಗಾಡಿ ಹೋಗಿ ಲಾರಿ ಬಂದಾಗ ಓಣಿಯ ತಿರುವು ಲಾರಿಗೆ ಸಾಲಲಿಲ್ಲ. ಗಿರಣಿಗಳು ಊರ ಹೊರಗೆ ಎದ್ದವು. ಪೇಢಿ ಹೋದ ಹಿಂದೆಯೇ ಸಂಸಾರವೂ ಹೋಯಿತು. ಕಾರು ನಿಲ್ಲಿಸಲು ಜಾಗ, ಸೊಸೆಗೆ ಬೇರೆ ಅಡುಗೆಮನೆ, ಮಕ್ಕಳ ಶಾಲೆ. ಹೊಸ ಬಡಾವಣೆಗೆ ಹೋದವರನ್ನು ದೂಷಿಸುವ ಹಕ್ಕು ನಮಗಿಲ್ಲ. ನಾವೂ ಒಮ್ಮೆ ಅಲ್ಲಿ ನಿವೇಶನ ನೋಡಿ ಬಂದವರೇ.

ಆದರೆ ದೇರಾಸರವೂ ಉಪಾಶ್ರಯವೂ ಹಳೆಯ ಓಣಿಯಲ್ಲೇ ಉಳಿದವು. ತೊಡಕು ಇಲ್ಲಿಯೇ.

ಗೋಚರಿಯ ನಲವತ್ತೆರಡು ದೋಷಗಳನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೂ ಅವು ಊರಿನ ನಕಾಶೆಯನ್ನು ಬರೆಯುತ್ತವೆ ಎಂಬುದು ಹೊಳೆದಿರಲಿಕ್ಕಿಲ್ಲ. ನಮಗಂತೂ ಹೊಳೆದಿರಲಿಲ್ಲ. ಸಾಧು ಸಾಧ್ವಿಯರು ತಮಗೆಂದೇ ಮಾಡಿದ್ದನ್ನು ಸ್ವೀಕರಿಸರು. ಆದ್ದರಿಂದ ಒಂದು ಮನೆಯಿಂದ ಸ್ವಲ್ಪ, ಇನ್ನೊಂದರಿಂದ ಸ್ವಲ್ಪ ಆಗಬೇಕು. ಅವರಿದ್ದಲ್ಲಿಗೇ ತಂದು ಕೊಟ್ಟರೆ ಅಭ್ಯಾಹೃತ ದೋಷ. ಸ್ಕೂಟರಿನಲ್ಲಿ ಬಂದ ಡಬ್ಬಿ ಲೆಕ್ಕಕ್ಕಿಲ್ಲ. ವಸತಿ ಕೊಟ್ಟವನು ಶಯ್ಯಾತರ, ಅವನ ಮನೆಯ ಆಹಾರವೂ ಆಗದು. ಅವರು ಕುಡಿಯುವುದು ಕಾಯಿಸಿದ ನೀರು, ಮಳೆಗಾಲದಲ್ಲಿ ಅದರ ಅವಧಿ ಮೂರು ಪ್ರಹರ ಮಾತ್ರ. ಅಂದರೆ ದಿನವೂ ಕಾಯಿಸಿದ ನೀರಿನ ಜೋಗ ಇರುವ ಮನೆಗಳು ಹತ್ತಿರದಲ್ಲೇ ಬೇಕು. ಇದಿಷ್ಟನ್ನೂ ಕೂಡಿಸಿ ನೋಡಿದರೆ ಸಾಧ್ವೀಜಿಯವರ ಪ್ರಶ್ನೆ ಅರ್ಥವಾಗುತ್ತದೆ. ಪ್ರವಚನಕ್ಕೆ ಸಾವಿರ ಜನ ಕಾರಿನಲ್ಲಿ ಬರಬಹುದು, ಗೋಚರಿಗೆ ಮಾತ್ರ ನೆರೆಹೊರೆಯೇ ಆಗಬೇಕು. ನಮ್ಮ ಕಡೆಯ ಪೆದ್ದ ತುಂಬಳಂನಲ್ಲಿ ಪಾರ್ಶ್ವಮಣಿ ತೀರ್ಥವಿರುವುದರಿಂದ ಈ ಕಡೆಗೆ ವಿಹಾರವೂ ಉಂಟು. ಬರುವವರಿದ್ದಾರೆ, ಬಾಗಿಲು ತೆರೆದ ಮನೆಗಳೇ ಕಡಿಮೆ.

ಆ ವರ್ಷವೇ ನಮ್ಮ ಮನೆಯ ಪ್ರಶ್ನೆಯೂ ಎದ್ದಿತ್ತು. ಬೆಂಗಳೂರಿನಲ್ಲಿರುವ ತಮ್ಮ ಫೋನು ಮಾಡಿ, "ಭಾಯೀಸಾ, ಕಾಂಪ್ಲೆಕ್ಸ್ ಕಟ್ಟೋರು ಒಳ್ಳೆ ರೇಟು ಕೊಡ್ತಾರೆ, ಬಿಟ್ಟುಬಿಡೋಣ" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವನಿಗೂ ಅಲ್ಲಿ ಮಕ್ಕಳ ಓದು, ಮನೆಯ ಸಾಲ. ಹಳೆಯ ಗೋಡೆ ಅವನ ಹೊಟ್ಟೆ ತುಂಬಿಸದು. ಎರಡು ತಿಂಗಳು ನಮ್ಮ ನಡುವೆ ಮಾತು ಬಿಗಿಯಾಗಿತ್ತು. ಕೊನೆಗೆ ಅವನ ಪಾಲನ್ನು ಮೂರು ಕಂತಿನಲ್ಲಿ ಕೊಡುವುದೆಂದು ಬರೆದುಕೊಂಡೆವು. ಎರಡು ಕಂತು ಮುಗಿದಿವೆ. ಮೂರನೆಯದು ಬರುವ ಹತ್ತಿ ಸುಗ್ಗಿಯ ಮೇಲೆ ನಿಂತಿದೆ.

ದುರಸ್ತಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಹಳೆಯ ಮನೆ ಇರುವವರಿಗೆ ಉಪಯೋಗವಾದೀತು. ಮೊದಲು ನಾವು ತಪ್ಪನ್ನೇ ಮಾಡಿದೆವು. ಉದುರುತ್ತಿದ್ದ ಗಾರೆಯ ಮೇಲೆ ಸಿಮೆಂಟು ಬಳಿಸಿದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಒಳಗಿಂದೊಳಗೇ ತೇವ ಹಿಡಿದು ಹಪ್ಪಳದಂತೆ ಎದ್ದಿತು. ಹಳೆಯ ಗೌಂಡಿಯೊಬ್ಬರನ್ನು ಕರೆಸಿದೆವು. ಅವರು ಬೆರಳಿನಿಂದ ತಟ್ಟಿ ನೋಡಿ, "ಸೇಟಜೀ, ಮಣ್ಣಿನ ಗ್ವಾಡಿಗೆ ಸಿಮೆಂಟ್ ಹಚ್ಚಿದ್ರ ಅದು ಉಸುರಾಡಂಗಿಲ್ರೀ" ಎಂದರು. ಎಲ್ಲ ಕೆತ್ತಿಸಿ, ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಹುಳಹುಪ್ಪಟೆ ಬೀಳದಂತೆ ಮುಚ್ಚಿಟ್ಟು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸಿ ಗಾರೆ ಮಾಡಿಸಿದೆವು. ಒಂದು ಎಚ್ಚರಿಕೆ: ನುಣುಪು ಬರಲೆಂದು ಗಾರೆಗೆ ಮೊಟ್ಟೆಯ ಬಿಳಿ ಸೇರಿಸುವ ಪದ್ಧತಿ ದಕ್ಷಿಣದಲ್ಲಿ ಹಿಂದಿನಿಂದ ಉಂಟು. ಗೌಂಡಿಗೆ ಮೊದಲ ದಿನವೇ ಹೇಳಿಬಿಡಿ. ಗೆದ್ದಲಿನ ವಿಷಯದಲ್ಲಿ ಮನೆಯಲ್ಲಿ ದೊಡ್ಡ ವಾದವಾಯಿತು. ಔಷಧಿ ಹೊಡೆಸಲು ಮನಸ್ಸು ಬರಲಿಲ್ಲ. ತೊಲೆಯ ತುದಿ ಗೋಡೆಗೆ ತಾಗುವಲ್ಲಿ ಕಲ್ಲಿನ ಹಾಸು ಕೊಟ್ಟು, ತೇವ ಬರುವ ಹಾದಿ ಮುಚ್ಚಿ, ಗಾಳಿ ಆಡುವಂತೆ ಬೆಳಕಿಂಡಿ ಬಿಡಿಸಿದೆವು. ಈವರೆಗೆ ತೊಂದರೆಯಾಗಿಲ್ಲ. ನೆಲಕ್ಕೆ ನಮ್ಮ ಕಡೆಯ ಬೇತಂಚೆರ್ಲ ಕಲ್ಲನ್ನೇ ಹಾಕಿಸಿದೆವು.

ಇಷ್ಟು ನಡೆಯುವಾಗ ನೆರೆಯವರು ಬಂದು ನೋಡುತ್ತಿದ್ದರು. ಎದುರಿನ ಬೀಗ ಹಾಕಿದ ಮನೆಯವರ ಮಗ ಹೈದರಾಬಾದಿನಲ್ಲಿ ಲೆಕ್ಕಪತ್ರದ ಕೆಲಸದವನು. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದಾಗ ಆ ಕೆಲಸವನ್ನು ಇಲ್ಲಿಂದಲೂ ಮಾಡಬಹುದೆಂದು ಕಂಡುಕೊಂಡಿದ್ದ. ಅವನು ಮಾಳಿಗೆ ರಿಪೇರಿ ಮಾಡಿಸಿ ತಾಯಿಯೊಡನೆ ಇಳಿದ. ಬಡಾವಣೆಯಲ್ಲಿದ್ದ ವಯಸ್ಸಾದ ದಂಪತಿ, ದಿನವೂ ಪೂಜೆಗೆ ಆಟೋ ಹಿಡಿದು ಬರುವುದು ಆಗದೆಂದು ತಮ್ಮ ಹಳೆಯ ಮನೆಯ ಕೆಳಗಿನ ಎರಡು ಕೋಣೆಗೆ ಮರಳಿದರು. ಮಗ ಸೊಸೆ ಅಲ್ಲಿಯೇ ಇದ್ದಾರೆ, ಭಾನುವಾರ ಎಲ್ಲರೂ ಇಲ್ಲಿ. ಮೂಲೆಯ ಪೇಢಿಯೊಂದು ಬಟ್ಟೆ ಅಂಗಡಿಯಾಗಿ ತೆರೆಯಿತು.

ಎಲ್ಲವೂ ಚೆನ್ನಾಗಿದೆ ಎಂದರೆ ಸುಳ್ಳಾದೀತು. ಚರಂಡಿ ಹಳೆಯದು. ಬೆಂಕಿ ಬಿದ್ದರೆ ಫೈರ್ ಇಂಜಿನ್ ತಿರುಗಲು ಜಾಗವಿಲ್ಲ. ಎರಡು ಮನೆಗಳನ್ನು ಉಳಿಸುವುದೇ ಅಪಾಯ, ಅವು ಬೀಳುವ ಮೊದಲು ಇಳಿಸುವುದೇ ಲೇಸು. ಹಳೆಯದೆಲ್ಲ ಬಂಗಾರ ಎಂಬ ವಾದ ನಮ್ಮದಲ್ಲ.

ಅಹಮದಾಬಾದಿಗೆ ಹೋದಾಗ ಅಲ್ಲಿನ ಪೋಳಗಳನ್ನು ಕಂಡು ಬಂದೆವು. ಮನೆಯ ಕೆಳಗೆ ಮಳೆನೀರಿನ ಟಾಂಕಾ, ಓಣಿಯಲ್ಲಿ ಹಕ್ಕಿಗಳಿಗೆ ಚಬೂತರಾ, ಮೂಲೆಗೊಂದು ದೇರಾಸರ. 1997ರಲ್ಲಿ ನಗರಪಾಲಿಕೆ ಅಲ್ಲಿ ಪಾರಂಪರಿಕ ನಡಿಗೆ ಆರಂಭಿಸಿತು. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಭಾರತದಲ್ಲಿ ಆ ಗೌರವ ಪಡೆದ ಮೊದಲ ನಗರ ಅದು. ಕೆತ್ತನೆಯ ಮರದ ಮನೆಗಳಿಗೆ ಬೆಲೆ ಬಂದಿದೆ, ಸಂತೋಷ. ಆದರೆ ಅಲ್ಲಿಯೂ ಎಷ್ಟೋ ಜೈನ ಸಂಸಾರಗಳು ಸಾಬರಮತಿಯ ಆಚೆ ಪಾಲ್ಡಿಯಂಥ ಬಡಾವಣೆಗಳಿಗೆ ಹೋಗಿವೆ. ನೋಡಲು ಬಂದವರು ಗೋಡೆಯ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಬೆಳಿಗ್ಗೆ ದೇರಾಸರದ ಗಂಟೆ ಹೊಡೆಯಲು ಓಣಿಯವರೇ ಬೇಕಲ್ಲ.

ಒಂದು ಮಾತನ್ನು ನಮ್ಮವರ ಎದುರು ಸಂಕೋಚ ಬಿಟ್ಟು ಆಡುತ್ತೇವೆ. ಶಿಖರಕ್ಕೆ, ಮಕರಾಣದ ಕಲ್ಲಿಗೆ ಬೋಲಿ ಕೂಗಿದರೆ ನಮ್ಮ ಸಮಾಜ ಕೈಬಿಚ್ಚಿ ಕೊಡುತ್ತದೆ. ಅದೇ ದೇರಾಸರದ ಪಕ್ಕದ ಸಾಧರ್ಮಿಕನ ಮಾಳಿಗೆ ಸೋರುತ್ತಿದ್ದರೆ ಒಂದು ತೊಲೆಗೆ ಬೋಲಿ ಕೂಗಿದವರನ್ನು ನಾವು ಕಂಡಿಲ್ಲ. ಸಾಧರ್ಮಿಕ ವಾತ್ಸಲ್ಯವೆಂದರೆ ಪಂಗತಿಯ ಊಟ ಮಾತ್ರವೇ? ಓಣಿಯಲ್ಲಿ ಉಳಿಯಲು ಒಪ್ಪುವ ಕುಟುಂಬಕ್ಕೆ ದುರಸ್ತಿಗಾಗಿ ಬಡ್ಡಿಯಿಲ್ಲದ ಸಾಲ ಕೊಡೋಣವೆಂದು ಸಭೆಯಲ್ಲಿ ಕೇಳಿದೆವು. ಕೆಲವರು ತಲೆ ಅಲ್ಲಾಡಿಸಿದರು, ಕೆಲವರು ಗಡಿಯಾರ ನೋಡಿದರು. ವಿಷಯ ಮುಂದಿನ ಸಭೆಗೆ ಹೋಗಿದೆ.

ಕಳೆದ ಫಾಲ್ಗುಣದಲ್ಲಿ ಪೆದ್ದ ತುಂಬಳಂ ಕಡೆಗೆ ವಿಹಾರ ಮಾಡುತ್ತಿದ್ದ ಮೂವರು ಸಾಧ್ವಿಯರು ನಮ್ಮ ಉಪಾಶ್ರಯದಲ್ಲಿ ಐದು ದಿನ ನಿಂತರು. ಎರಡನೆಯ ದಿನ ಬೆಳಿಗ್ಗೆ ಭಾಭಿ ರೊಟ್ಟಿ ತಟ್ಟುತ್ತಿದ್ದಾಗ ಮೆಟ್ಟಿಲ ಬುಡದಿಂದ "ಧರ್ಮಲಾಭ" ಎಂಬ ಧ್ವನಿ ಕೇಳಿಸಿತು. ಮನೆಯವರೆಲ್ಲ ಇದ್ದಲ್ಲಿಂದ ಎದ್ದು ಬಂದರು. ಅರ್ಧ ರೊಟ್ಟಿ, ಒಂದಿಷ್ಟು ಬೇಳೆ ತೆಗೆದುಕೊಂಡು, ಸಾಕು ಎಂದು ಕೈ ಅಡ್ಡ ಮಾಡಿ ಅವರು ಎದುರಿನ ಮನೆಯ ಮೆಟ್ಟಿಲೇರಿದರು. ಅಲ್ಲಿಂದ ಆಚೆಯ ದಂಪತಿಯ ಮನೆಗೆ.

ಈ ಸಲವೂ ವಿನಂತಿ ಪತ್ರ ಬರೆದಿದ್ದೇವೆ. ಮನೆಗಳ ಲೆಕ್ಕವನ್ನು ಯಾರೂ ಕೇಳುವ ಮೊದಲೇ ಮೇಲುಗಡೆ ಬರೆದೆವು. ಏಳು. ಎಂಟನೆಯ ಮನೆಯ ಗಾರೆ ಇನ್ನೂ ಒಣಗಬೇಕು.