ಗಡಿಯಾಚೆಗೆ ಕಳುಹಿಸುವ ಔಷಧ

ಗಂಗಾವತಿಯಿಂದ ಕಂಪ್ಲಿಗೆ ಹೋಗುವವರು ಇಂದು ತುಂಗಭದ್ರೆಯನ್ನು ದಾಟುವಾಗ ಗಡಿಯೆಂಬುದನ್ನು ನೆನೆಯುವುದೇ ಇಲ್ಲ. ೧೯೪೮ರ ಸೆಪ್ಟೆಂಬರಿನವರೆಗೆ ಹೊಳೆಯ ಈಚೆಯ ದಂಡೆ ನಿಜಾಮರ ಆಳಿಕೆಗೂ, ೧೯೪೭ರವರೆಗೆ ಆಚೆಯ ದಂಡೆ ಬ್ರಿಟಿಷರ ಮದರಾಸು ಪ್ರಾಂತಕ್ಕೂ ಒಳಪಟ್ಟಿದ್ದವು. ಈಗ ಎರಡು ದಂಡೆಗಳಿಗೂ ೧೯೪೦ರ ಔಷಧ ಕಾನೂನೊಂದೇ ಅನ್ವಯಿಸುತ್ತದೆ. ಗಂಗಾವತಿಯ ವೈದ್ಯರು ಬರೆದ ಚೀಟಿಗೆ ಕಂಪ್ಲಿಯಲ್ಲಿ ಔಷಧವನ್ನು ಕೊಂಡರೆ ದೋಷವಿಲ್ಲ. ಆದರೆ ಕಡಲನ್ನು ದಾಟುವ ಔಷಧದ ಮಾತು ಬೇರೆ.

ದುಬೈಯಲ್ಲೋ ಅಮೆರಿಕದಲ್ಲೋ ದುಡಿಯುವ ಮಕ್ಕಳು ಔಷಧದ ಬೆಲೆ ಊರಿನಲ್ಲಿ ಅಗ್ಗವೆಂದು ಕೊಂಡು ಕಳುಹಿಸಲು ಬರೆಯುತ್ತಾರೆ. ತಾಯಿತಂದೆಗಳು ಮಮತೆಯಿಂದ ಕೊಂಡು, ಅತ್ತ ಹೊರಟವರ ಕೈಯಲ್ಲಿ ಪೊಟ್ಟಣವನ್ನು ಕೊಡುತ್ತಾರೆ. ಮಮತೆ ನಿಜವೇ, ಆದರೆ ಸುಂಕದ ಕಟ್ಟೆಯಲ್ಲಿ ಅದು ಲೆಕ್ಕಕ್ಕೆ ಬಾರದು.

ಕೆಮ್ಮಿನ ಕೆಲವು ಔಷಧಗಳಲ್ಲಿರುವ ಕೊಡೀನ್, ನೋವಿಗೆ ಕೊಡುವ ಟ್ರಮಡಾಲ್ ಇವು ನಮ್ಮಲ್ಲಿಯೂ ನಿರ್ಬಂಧಕ್ಕೊಳಗಾದವು. ೨೦೧೪ರಿಂದ ಜಾರಿಯಲ್ಲಿರುವ ನಿಯಮದಂತೆ, ಇಂಥ ಔಷಧವನ್ನು ಮಾರುವ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ೩ ವರ್ಷ ಕಾಯ್ದಿಡಬೇಕು. ಟ್ರಮಡಾಲ್ ೨೦೧೮ರಲ್ಲಿ ಮಾದಕ ದ್ರವ್ಯಗಳ ಕಾನೂನಿಗೂ ಸೇರಿತು. ದುಬೈಯಿರುವ ಅರಬ್ ಸಂಸ್ಥಾನಗಳಲ್ಲಂತೂ ಇವನ್ನು ಒಯ್ಯಲು ಅಲ್ಲಿಯ ಸರಕಾರದ ಪೂರ್ವಾನುಮತಿ ಬೇಕು. ಅದಿಲ್ಲದೆ ಸಿಕ್ಕಿಬಿದ್ದರೆ ಔಷಧ ಹೋಗುವುದಲ್ಲದೆ ಬಂಧನದ ಭಯವೂ ಉಂಟು. ಪೊಟ್ಟಣ ಪರರದಾದರೂ, ಪೆಟ್ಟಿಗೆ ಯಾರದೋ ಉತ್ತರ ಹೇಳಬೇಕಾದವರು ಅವರೇ. ಅಮೆರಿಕದಲ್ಲಿಯೂ ಸ್ವಂತ ಉಪಯೋಗಕ್ಕಾಗಿ ಪರದೇಶದ ಔಷಧ ತರಿಸುವುದು ಬಹುಪಾಲು ಸಂದರ್ಭಗಳಲ್ಲಿ ಕಾನೂನಿಗೆ ವಿರುದ್ಧ. ಕೆಲವೊಮ್ಮೆ ಅಧಿಕಾರಿಗಳು ಬಿಟ್ಟುಕೊಟ್ಟರೆ ಅದು ಅವರ ವಿವೇಚನೆಯೇ ಹೊರತು ನಮ್ಮ ಹಕ್ಕಲ್ಲ.

ಹೊರಗಿನಿಂದ ಒಳಕ್ಕೆ ತರುವುದಕ್ಕೂ ಮಿತಿಯುಂಟು. ೧೯೪೫ರ ನಿಯಮಗಳಂತೆ, ಇಲ್ಲಿಗೆ ತರಲು ನಿಷೇಧವಿರುವ ಔಷಧವನ್ನೂ ಪ್ರಯಾಣಿಕನು ಸ್ವಂತ ಉಪಯೋಗಕ್ಕಾಗಿ ತನ್ನ ಸಾಮಾನಿನೊಡನೆ ತರಬಹುದು. ಆದರೆ ಯಾವುದೊಂದೂ ೧೦೦ ಸರಾಸರಿ ಸೇವನೆಗಳನ್ನು ಮೀರಕೂಡದು. ಅಂಥದನ್ನು ಅಂಚೆಯಲ್ಲಿ ತರಿಸುವುದಾದರೆ ವೈದ್ಯರ ಚೀಟಿಯೊಡನೆ ಅರ್ಜಿ ಕೊಟ್ಟು ಮೊದಲೇ ಪರವಾನಗಿ ಪಡೆಯತಕ್ಕದ್ದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಔಷಧದ ವ್ಯಾಪಾರದ ಹೆಸರಲ್ಲದೆ ಅದರೊಳಗಿನ ದ್ರವ್ಯದ ಹೆಸರನ್ನು ತಿಳಿಯಿರಿ. ಆ ದ್ರವ್ಯಕ್ಕೆ ಅಲ್ಲಿ ತಡೆಯುಂಟೇ ಎಂದು ಹೊರಡುವ ಮೊದಲೇ ಆ ದೇಶದ ರಾಯಭಾರ ಕಚೇರಿಯಲ್ಲಿ ವಿಚಾರಿಸಿರಿ. ಅನುಮತಿ ದೊರೆತ ಔಷಧವನ್ನು ಅಂಗಡಿಯ ಮೂಲ ಪೊಟ್ಟಣದಲ್ಲಿಯೇ ಇರಿಸಿ, ರೋಗಿಯ ಹೆಸರುಳ್ಳ ವೈದ್ಯರ ಚೀಟಿಯನ್ನೂ ಕೊಂಡ ರಸೀದಿಯನ್ನೂ ಜೊತೆಗಿಡಿರಿ. ಪರರ ಕೈಯಲ್ಲಿ ಎಂದಿಗೂ ಕಳುಹಿಸಬೇಡಿರಿ. ಮಗನಿಗೆ ಅಲ್ಲಿಯ ವೈದ್ಯರನ್ನೇ ಕಾಣುವಂತೆ ಹೇಳುವುದು ಹೆಚ್ಚು ವೆಚ್ಚದ್ದಾಗಿ ಕಂಡೀತು. ಆದರೆ ಪರದೇಶದ ನ್ಯಾಯಾಲಯದ ವೆಚ್ಚದ ಮುಂದೆ ಅದು ಏನೂ ಅಲ್ಲ.